ಹೊಸಾ ಮ್ಯಾನೇಜರ್ ಆಗೇನ್ರಿ, ರಿಜೆಕ್ಷನ್ ಕಡಿಮಿ ಆತು ಅಂತ ಖುಷಿ ಪಟ್ಟಿದ್ದೆ, ಆದ್ರ ತಾಡಪತ್ರಿ ಕೆಳಗ ಸಿಕ್ಕುವು

ತಾರಿಹಾಳ ಹುಡುಗ (ಗುರುವಾರ ರಾತ್ರಿ)

ನಮಸ್ಕಾರ್ರಿ ಎಲ್ಲಾರಿಗೂ. ಸ್ವಲ್ಪ ಉದ್ದ ಆಗ್ತೈತಿ, ಸಿಟ್ಟಾಗಬ್ಯಾಡ್ರಿ. ನಾ ಪುಣೆದಾಗ ಒಂಬತ್ತು ವರ್ಷ ಇದ್ದೆ, ಅಪ್ಪಗ ಆರಾಮಿಲ್ಲ ಅಂತ ಹೊಳ್ಳಿ ಊರಿಗೆ ಬಂದೆ, ಬಂದು ಇಲ್ಲೇ ಹುಬ್ಬಳ್ಳಿ ಹಂತ್ಯಾಕ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ವಾಲ್ವ್ ಮಾಡೋ ಕಂಪನಿಗೆ ಪ್ರೊಡಕ್ಷನ್ ಮ್ಯಾನೇಜರ್ ಅಂತ ಸೇರಿ ಈಗ ಏಳು ವಾರ ಆತು. ಕಂಪನಿ ಹೆಸರು ಬ್ಯಾಡ. ಅರವತ್ತು ಮಂದಿ, ಎರಡು ಪಾಳಿ. ಮಾಲಕ್ರು ಮೊದಲನೇ ದಿನಾನ ಚಾ ಕುಡ್ಯಾಕ ಕುಂಡ್ರಿಸ್ಕೊಂಡು ಒಂದ ಮಾತು ಹೇಳಿದ್ರು, ರಿಜೆಕ್ಷನ್ (ಟೆಸ್ಟಿನಾಗ ಫೇಲ್ ಆಗೋ ಮಾಲ್) ನೂರಕ್ಕ ಒಂಬತ್ತು ಐತಿ, ದೀಪಾವಳಿಯೊಳಗ ಮೂರಕ್ಕ ತಂದು ತೋರ್ಸು ಅಂತ.

ನಾನೂ ಹುರುಪಿನಾಗ ಇದ್ನಿ. ಪುಣೆದಾಗ ಮಾಡಿದ್ದನ್ನ ಇಲ್ಲೂ ಮಾಡಿದೆ. ಮುಂಜಾನೆ ಎಲ್ಲಾರ್ನೂ ನಿಂದ್ರಿಸಿ ಹದಿನೈದು ನಿಮಿಷ ಮೀಟಿಂಗ್. ಪಾಳಿ ಪ್ರಕಾರ, ಆಪರೇಟರ್ ಹೆಸರು ಪ್ರಕಾರ ರಿಜೆಕ್ಷನ್ ಬರ್ದು ಬೋರ್ಡಿಗೆ ಹಚ್ಚಿದೆ, ಹೆಚ್ಚಾದವ್ರ ಹೆಸರು ಕೆಂಪು. ಒಂದು ಶನಿವಾರ ಪೂರಾ 5ಎಸ್ (ಬ್ಯಾಡಾದ್ದು ತಗದು ಜಾಗ ಒಪ್ಪ ಮಾಡೋ ಜಪಾನಿ ಪದ್ಧತಿ) ಅಂತ ಇಡೀ ಶಾಪ್ ಸ್ವಚ್ಛ ಮಾಡಿಸಿ ನಾಕು ಟ್ರಾಲಿ ಗುಜರಿ ಹೊರಗ ಹಾಕಿಸಿದ್ನಿ. ಎರಡನೇ ಪಾಳಿಯಾಗ ರಿಜೆಕ್ಷನ್ ಭಾಳ ಇತ್ತು, ಅವರಿಗೆ ಸ್ವಲ್ಪ ಜೋರ ಮಾಡೇ ಹೇಳಿದೆ ಅದೂ ಖರೇನ.

ಒಂದು ತಿಂಗಳಿಗೆ ಒಂಬತ್ತು ಇದ್ದದ್ದು ನಾಕಕ್ಕ ಬಂತು. ಮಾಲಕ್ರು ಧಾರವಾಡದಿಂದ ಲೈನ್ ಬಜಾರ್ ಪೇಡಾ ತರಿಸಿ ಹಂಚಿದ್ರು.

ಇವತ್ತು ಏನಾತು ಅಂದ್ರ, ಕಂಪ್ರೆಸರ್ ಸಪ್ಪಳ ಯಾಕೋ ಬ್ಯಾರೆ ಬರಾಕತ್ತೈತಿ ಅಂತ ಶಾಟ್ ಬ್ಲಾಸ್ಟಿಂಗ್ ರೂಮಿನ ಹಿಂದ ಹೋದೆ, ಅಲ್ಲೊಂದು ತಾಡಪತ್ರಿ ಹಾಸಿತ್ತು, ಕಾಲಾಗ ಎತ್ತಿ ನೋಡಿದ್ರ ಹದಿನಾಕು ವಾಲ್ವ್ ಬಾಡಿ (ವಾಲ್ವಿನ ಹೊರಗಿನ ಕವಚ). ಎಲ್ಲಾ ಟೆಸ್ಟಿಂಗಿನಾಗ ಫೇಲ್ ಆದವು. ವಹಿಯೊಳಗ ಒಂದರದೂ ನೋಂದಣಿ ಇಲ್ಲ. ಮ್ಯಾಲೆ ಸಂಜೀಮುಂದ ಕಸ್ಟಮರ್ ಕಡಿಂದ ಮೇಲ್, 22 ಪೀಸ್ ಸೀಟ್ ಲೀಕ್ (ಮುಚ್ಚಿದ ಮ್ಯಾಲೂ ಒಳಗ ಸೋರ್ತಾವ) ಅಂತ ವಾಪಸ್ ಕಳಸಾಕತ್ತಾರ. ಅಂದ್ರ ಅರ್ಧ ಮುಚ್ಚಿಟ್ಟಾರ, ಅರ್ಧ ಪಾಸ್ ಅಂತ ಹೊರಗ ಬಿಟ್ಟಾರ.

ಫೋರಮನ್ ಕಾಕಾ 26 ವರ್ಷದಿಂದ ಅದಾರ. ಏನ ಹೇಳಿದ್ರೂ "ಆತ್ರಿ ಸರ" ಅಂತಾರ. ತಾಡಪತ್ರಿ ತೋರ್ಸಿ ಕೇಳಿದ್ರೂ ಒಂದು ಗಳಿಗಿ ಸುಮ್ನ ನಿಂತು, ನೋಡ್ತೇನ್ರಿ ಸರ ಅಂದ್ರು. ಸೋಮವಾರ ಮಾಲಕ್ರ ಮುಂದ ರಿವ್ಯೂ ಐತಿ. ಫೋರಮನ್ ಬದ್ಲು ಮಾಡ್ಲೋ, ಟೆಸ್ಟ್ ಬೆಂಚ್ ಮ್ಯಾಲೆ ಕ್ಯಾಮೆರಾ ಹಾಕಿಸ್ಲೋ? ಹೊಸದಾಗಿ ಹಿಂಗ ಜವಾಬ್ದಾರಿ ತಗೊಂಡವ್ರು ಯಾರರ ಇದ್ರ ಹೇಳ್ರಿ, ಎಲ್ಲಿಂದ ಹಿಡೀಬೇಕು ಇದನ್ನ?


ಸಪ್ತಾಪುರ

ಕ್ಯಾಮೆರಾ ಹಾಕಿದ್ರ ತಾಡಪತ್ರಿ ಇನ್ನೊಂದು ಕಡೆ ಹೋಗ್ತೈತ್ರಿ ಅಣ್ಣಾರ, ಅಷ್ಟ. ಅವರು ಕದ್ದಿಲ್ಲ, ಮುಚ್ಚಿಟ್ಟಾರ. ನೀವು ಬೋರ್ಡಿನ ಮ್ಯಾಲೆ ಹೆಸರು ಕೆಂಪು ಮಾಡಿದ್ರಿ, ಕೆಂಪು ಆಗಬಾರ್ದು ಅಂದ್ರ ಎರಡ ದಾರಿ, ಒಂದು ವಾಲ್ವ್ ಛಲೋ ಮಾಡೂದು, ಇನ್ನೊಂದು ವಾಲ್ವ್ ಕಾಣದಂಗ ಮಾಡೂದು. ಎರಡನೇದು ಸಸ್ತಾ.

ಫೋರ್ಡ್ ಕಂಪನಿದು ಒಂದು ಕತಿ ಐತಿ, ಮ್ಯಾನೇಜ್ಮೆಂಟ್ ಕಲಿಯೋ ಮಂದಿಗೆಲ್ಲಾ ಗೊತ್ತಿರ್ತೈತಿ, ಆದ್ರ ನಿಮಗ ಪಕ್ಕಾ ಹತ್ತತೈತಿ ಅಂತ ಹೇಳಾಕತ್ತೇನಿ. 2006ರಾಗ ಬೋಯಿಂಗ್ ಬಿಟ್ಟು ಅಲನ್ ಮುಲಾಲಿ ಅನ್ನಾಂವ ಅಲ್ಲಿಗೆ ಮುಖ್ಯಸ್ಥ ಆಗಿ ಬಂದಾ. ಕಾರಿನ ಕೆಲಸ ಮೊದಲ ಮಾಡಿದಾಂವ ಅಲ್ಲ, ವಿಮಾನದಾಂವ. ಆ ವರ್ಷ ಫೋರ್ಡಿಗೆ ಆದ ನಷ್ಟ 12 ಬಿಲಿಯನ್ ಡಾಲರಿಗಿಂತ ಹೆಚ್ಚು. ವಾರಾ ವಾರಾ ಮೀಟಿಂಗ್ ಇಟ್ಟು, ದೊಡ್ಡ ದೊಡ್ಡ ಸಾಹೇಬ್ರೆಲ್ಲಾ ತಮ್ಮ ಕೆಲಸ ಹಸರು, ಹಳದಿ, ಕೆಂಪು ಬಣ್ಣ ಹಾಕಿ ತೋರಸ್ರಿ ಅಂದಾ. ನೋಡ್ತಾನ, ವಾರಗಟ್ಟಲೆ ಎಲ್ಲಾ ಹಸರೋ ಹಸರು. ಕಂಪನಿ ಮುಳುಗಾಕತ್ತೈತಿ, ಹಾಳಿ ಮ್ಯಾಲೆ ಶ್ರಾವಣದ ಹೊಲಧಾಂಗ ಐತಿ. ಆಮ್ಯಾಲೆ ಒಂದು ವಾರ ಮಾರ್ಕ್ ಫೀಲ್ಡ್ಸ್ ಅನ್ನೋ ಒಬ್ಬ ಅಧಿಕಾರಿ ಹೊಸಾ ಗಾಡಿದು ಹಿಂದಿನ ಬಾಗಲದ ಹಂತ್ಯಾಕ ಏನೋ ತೊಂದ್ರಿ ಐತಿ, ಗಾಡಿ ಬಿಡುಗಡೆ ತಡಾ ಆಗ್ತೈತಿ ಅಂತ ಕೆಂಪು ತೋರಿಸಿದಾ. ರೂಮಿನಾಗ ಉಳದವ್ರು ಇವನ ನೌಕ್ರಿ ಹೋತು ಅಂತ ಕುಂತಿದ್ರು, ಮುಲಾಲಿ ಚಪ್ಪಾಳಿ ತಟ್ಟಿದಾ. ಇದಕ್ಕ ಯಾರು ಸಹಾಯ ಮಾಡ್ತೀರಿ ಅಂತ ಕೇಳಿದಾ. ಮುಂದ ನಿಧಾನಕ್ಕ ಉಳದವ್ರ ಹಾಳ್ಯಾಗೂ ಕೆಂಪು ಬರಾಕ ಹತ್ತಿತು.

ಸೋಮವಾರದ ಮೊದಲ ಆ ಬೋರ್ಡ್ ಇಳಸ್ರಿ. ಮತ್ತ ಫೋರಮನ್ ಕಾಕಾರ್ನ ಬದ್ಲು ಮಾಡೋ ವಿಚಾರ ಯಾರ ಮುಂದೂ ಆಡಬ್ಯಾಡ್ರಿ, ಶಾಪ್ ಫ್ಲೋರಿನಾಗ ಗ್ವಾಡಿಗೂ ಕಿವಿ ಇರ್ತಾವ.


ಬ್ಯಾಡಗಿ ಅಕ್ಕ

ತಮ್ಮಾ, ನನ್ನ ಮೂರ್ಖತನ ಹೇಳ್ತೇನಿ ಕೇಳು, ನಿನಗರ ಉಪಯೋಗ ಆಗ್ಲಿ. ನಾ ಇಲ್ಲೆ ಒಂದು ಕೋಲ್ಡ್ ಸ್ಟೋರೇಜ್ ನೋಡ್ಕೋತೇನಿ, ಮೆಣಸಿನಕಾಯಿದು. ಮಾವ ಇರೋತನಕ ಅವರ ನಡಸ್ತಿದ್ರು, ಅವರು ಹ್ವಾದ ಮ್ಯಾಲೆ ನನ್ನ ಹೆಗಲಿಗೆ ಬಂತು. ಬಂದ ಮೊದಲನೇ ಬ್ಯಾಸಗಿ, ಹಮಾಲರು ಒಂದು ಪದ್ಧತಿ ಮಾಡ್ತಿದ್ರು, ಚೀಲಾ ಛೇಂಬರಿಂದ ತಗದ ಕೂಡ್ಲೆ ಗಿರಾಕಿಗೆ ಕೊಡ್ತಿದ್ದಿಲ್ಲ, ಹಿಂದಿನ ದಿನ ಸಂಜಿಕ ತಗದು ಮುಂದಿನ ಪಡಸಾಲ್ಯಾಗ ಬಾಯಿ ಬಿಚ್ಚದಂಗ ಇಟ್ಟು ಮರುದಿನ ಕೊಡ್ತಿದ್ರು. ನನಗ ಇದು ದಂಡದ ಕೆಲಸ ಅನಿಸ್ತು. ಎರಡು ಸಲ ಹೊರೂದು, ಎರಡು ಸಲ ಕೂಲಿ, ಪಡಸಾಲಿ ತುಂಬಿ ಹಾದಿ ಇಲ್ಲ. ಸೋಮವಾರ ಗುರುವಾರ ಪ್ಯಾಟಿ ಇರ್ತೈತಿ, ಆ ದಿನ ಅಂತೂ ಕಾಲಿಡಾಕ ಜಾಗ ಇರ್ತಿದ್ದಿಲ್ಲ. ಇನ್ನ ಮ್ಯಾಲೆ ಸೀದಾ ಛೇಂಬರಿಂದ ಲಾರಿಗೆ ಅಂದೆ. ಎಲ್ಲಾರೂ ಆತ್ರಿ ಅಕ್ಕಾರ ಅಂದ್ರು. ನಿಮ್ಮ ಕಾಕಾ ಅಂದಂಗ.

ಮೇ ತಿಂಗಳು. ಒಳಗ ನಾಕೈದು ಡಿಗ್ರಿ, ಹೊರಗ ಬೆಂಕಿ. ಫ್ರಿಜ್ಜಿನಿಂದ ತಗದ ಸ್ಟೀಲಿನ ತಂಬಿಗಿ ಹೆಂಗ ಬೆವರ್ತೈತಿ ನೋಡಿರ್ತಿ, ಹಂಗ ಚೀಲಾ ಬೆವರಿದ್ವು. ಗಿರಾಕಿ ಬಾಯಿ ಬಿಚ್ಚಿ ನೋಡಿದ್ರ ಕಾಯಿ ಮೆತ್ತಗ, ನಾಕು ದಿನದಾಗ ಬೂಷ್ಟು. ಕಡ್ಡಿ ಬ್ಯಾಡಗಿ, ಬಣ್ಣಕ್ಕ ರೊಕ್ಕ ಅದಕ್ಕ, ಖಾರಕ್ಕಲ್ಲ. ಬಣ್ಣ ಹೋದ್ರ ಮುಗೀತು. ಅರ್ಧ ಲಾರಿ ಮಾಲಿನ ಲುಕ್ಸಾನ ನಾ ತುಂಬಿಕೊಟ್ಟೆ.

ಆಮ್ಯಾಲೆ ಹಮಾಲರ ಹಿರಿಯಾಗ ಕೇಳಿದೆ, ಯಜಮಾನಾ ನಿನಗ ಗೊತ್ತಿತ್ತಿಲ್ಲೋ, ಯಾಕ ಹೇಳಲಿಲ್ಲ ಅಂತ. ಅಂವ ಅಂದಾ, ನೀವು ಬಂದ್ ಮಾಡ್ರಿ ಅಂದ್ರಿ, ಯಾಕ ಮಾಡ್ತೀರಿ ಅಂತ ಕೇಳಲಿಲ್ಲಲ್ರಿ. ನನಗ ಕಪಾಳಕ್ಕ ಹೊಡದಂಗ ಆತು.

ನೀ ಆ ಶನಿವಾರ ಹೊರಗ ಹಾಕ್ಸಿದಿ ಅಂತೀಯಲ್ಲ ನಾಕು ಟ್ರಾಲಿ, ಅದರಾಗ ಏನೇನಿತ್ತು ಅಂತ ಯಾರ್ನರ ಕೇಳೀಯೇನು?


ಬೆಟಗೇರಿ ಮಗ್ಗ

ಅಕ್ಕಾರ ಹೇಳಿದ್ದು ನೂರಕ್ಕ ನೂರು. ನಾ ನೇಕಾರ ಮನಿತನದಾಂವ, ಅದಕ್ಕ ಒಂದು ಹೇಳಬೇಕು ಅನಿಸ್ತು. ನೀವು ಮಾಡೋ ಮುಂಜಾನಿ ಮೀಟಿಂಗಿನಾಗ "ಯಾಕ" ಅಂತ ಐದು ಸಲ ಕೇಳ್ತಿದ್ದಿರಬೇಕು, ಎಲ್ಲಾ ಕಂಪನ್ಯಾಗೂ ಅದ ನಡದೈತಿ ಈಗ. ಅದರ ಮೂಲ ಕಾರಲ್ಲ, ಮಗ್ಗ. ಟೊಯೋಟಾ ಕಾರ್ ಕಂಪನಿ ಆಗೂಕಿಂತ ಮೊದಲ ಆ ಮನಿತನದ ಹಿರಿಯ ಸಾಕಿಚಿ ಟೊಯೋಡಾ ಮಗ್ಗ ಮಾಡ್ತಿದ್ದಾ. 1924ರಾಗ ಅವರು ತಂದ ಅಟೋಮ್ಯಾಟಿಕ್ ಮಗ್ಗದಾಗ ಒಂದು ಎಳಿ ಹರದ್ರ ಸಾಕು, ಮಗ್ಗ ತಾನ ನಿಂದ್ರತಿತ್ತು. ಹಾಸಿನ ಎಳಿ ಹರದು ಹಂಗ ನಡದ್ರ ಏನಾಗ್ತೈತಿ ನೇಕಾರಗ ಕೇಳ್ರಿ, ಗಜಗಟ್ಟಲೆ ಅರಿವಿ ಹಾಳು. ನಮ್ಮ ಅಜ್ಜ ಕುಣಿಯೊಳಗ ಕಾಲಿಟ್ಟು ಕುಂತು ಸಪ್ಪಳದ ಮ್ಯಾಲೆ ಹೇಳ್ತಿದ್ದಾ ಎಳಿ ಹರೀತು ಅಂತ.

ಅದನ್ನ ಮುಂದ ಕಾರ್ ಫ್ಯಾಕ್ಟರ್ಯಾಗೂ ತಂದ್ರು, ಕೆಲಸಗಾರ ತಪ್ಪು ಕಂಡ ಕೂಡ್ಲೆ ಹಗ್ಗ ಜಗ್ಗಬೇಕು, ಮುಖ್ಯಸ್ಥ ಓಡಿ ಬರಬೇಕು. ಬಂದು ಯಾರು ಜಗ್ಗಿದ್ರಲೇ ಅಂತ ಬೈಯಾಕಲ್ಲ, ಏನಾತು ಅಂತ ನೋಡಾಕ. ನಿಮ್ಮ ಕಡೆ ಹಗ್ಗ ಜಗ್ಗಿದಾಂವನ ಹೆಸರು ಬೋರ್ಡಿಗೆ ಕೆಂಪಾಗಿ ಬರ್ತೈತಿ. ಅಲ್ಲೇ ತೈಚಿ ಓನೋ ಅನ್ನೋ ಸಾಹೇಬ ಹೊಸಾ ಇಂಜಿನಿಯರ್‌ಗೋಳ್ನ ನೆಲದ ಮ್ಯಾಲೆ ಸೀಮಿಸುಣ್ಣದಿಂದ ಒಂದು ಗುಂಡು ಗೆರಿ ಕೊರ್ದು ಅದರಾಗ ನಿಂದ್ರಸ್ತಿದ್ದಾ, ನಿಂತು ನೋಡು ಅಂತ, ತಾಸಗಟ್ಟಲೆ. ಕ್ಯಾಬಿನ್ನಾಗ ಕುಂತು ಕೇಳಿದ್ರ ಐದು "ಯಾಕ"ಕ್ಕೂ ಒಂದ ಉತ್ತರ ಬರ್ತೈತ್ರಿ: ಮಂದಿ ಸರಿ ಇಲ್ಲ.

ನೀವು ಎರಡನೇ ಪಾಳಿಗೆ ಎಷ್ಟು ಸಲ ಹೋಗಿ ನಿಂತೀರಿ?


ಖರೇ ಮಾತು

ಎಲ್ಲಾರೂ ಕೇಳ್ರಿ ಕೇಳ್ರಿ ಅನ್ನಾಕತ್ತೀರಿ, ನಾ ಸ್ವಲ್ಪ ಅಡ್ಡ ಹೇಳ್ತೇನಿ. ನಮ್ಮ ಗದಗ ಜಿಲ್ಲೆ ಅಂದ್ರ ಸಹಕಾರಕ್ಕ ತವರ್ಮನಿ, ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ನಾವೆಲ್ಲಾ ಸಾಲ್ಯಾಗ ಓದೇವಿ. ಅದ ಹೆಮ್ಮಿ ಹೊತ್ಕೊಂಡು ನಾ ಒಂದು ಸಣ್ಣ ಸೊಸೈಟಿಗೆ ಕಾರ್ಯದರ್ಶಿ ಆಗಿ ಹೋದೆ (ಬ್ಯಾರೆ ಊರು, ಹೆಸರು ಹೇಳಾಂಗಿಲ್ಲ). ಕಾಗದದಾಗ ವಸೂಲಿ ನೂರಕ್ಕ ತೊಂಬತ್ತೆಂಟು. ಆರು ತಿಂಗಳು ನಾನೂ ಹಿಂಗ, ಹಳೇ ಪದ್ಧತಿ ಮುಟ್ಟೂದು ಬ್ಯಾಡ, ಕೇಳೋಣ ನೋಡೋಣ ಅಂತ ಕುಂತೆ. ಹಿರ್ಯಾರು ಚಾ ಕುಡಿಸಿ ಭಾಳ ಛಂದ ಛಂದ ಕಾರಣ ಹೇಳಿದ್ರು. ಆಮ್ಯಾಲೆ ಗೊತ್ತಾತು, ಮಾರ್ಚ್ ಬಂತಂದ್ರ ಹೊಸಾ ಸಾಲ ಬರ್ದು ಅದನ್ನ ಹಳೇ ಸಾಲಕ್ಕ ಜಮಾ ಮಾಡ್ತಿದ್ರು, ರೊಕ್ಕ ಒಂದು ಪೈಸಾ ಕೈಗೆ ಬರ್ತಿದ್ದಿಲ್ಲ, ಬರೇ ವಹಿಯೊಳಗ ಆಡ್ತಿತ್ತು. ರೈತರು ಕಟ್ಟಾಕ ಆಗದ ತ್ರಾಸನ್ಯಾಗ ಇದ್ದದ್ದು ಬ್ಯಾರೆ ಮಾತು, ಅದು ನನಗೂ ಗೊತ್ತೈತಿ, ಮಳಿ ಇಲ್ಲ ಬೆಳಿ ಇಲ್ಲ ಎಲ್ಲಿಂದ ಕಟ್ತಾರ. ಆದ್ರ ಆ ಆರು ತಿಂಗಳದಾಗ ಕಟಬಾಕಿ ಇನ್ನಷ್ಟು ಬೆಳೀತು, ಕಡೀಕ ಅದು ನನ್ನ ಸಹಿ ಕೆಳಗ ಬಂತು.

ಅದಕ್ಕ ಹಳೇದೆಲ್ಲಾ ಶಾಣ್ಯಾತನ ಅಂತ ತಿಳ್ಕೋಬ್ಯಾಡ್ರಿ. ತಾಡಪತ್ರಿ ಕೆಳಗಿನ ಹದಿನಾಕು ಬಿಡ್ರಿ, ಕಸ್ಟಮರಿಗೆ ಹೋದ 22 ಪೀಸ್ ಪಾಸ್ ಅಂತ ಯಾರು ಸಹಿ ಮಾಡಿದ್ರು? ಹೆದರಿ ಮುಚ್ಚಿಡೂದು ಒಂದು, ಕೆಟ್ಟ ಮಾಲ್ ಹೊರಗ ಬಿಡೂದು ಇನ್ನೊಂದು. ಸ್ಟಾಕಿನಾಗ ಇರೋ ಮಾಲ್ ಪೂರಾ ಇವತ್ತ ತಡೀರಿ, ಮತ್ತೊಮ್ಮೆ ಟೆಸ್ಟ್ ಮಾಡಸ್ರಿ. ಕೇಳೋದು ನೋಡೋದು ಅದರ ಜೋಡಿ ನಡೀಲಿ.


ಗದಗ ರೋಡ್ ರಿಟೈರ್ಡ್

ನಾನು ರೇಲ್ವೆ ವರ್ಕ್‌ಶಾಪಿನಾಗ ಫಿಟ್ಟರ್ ಆಗಿ ರಿಟೈರ್ ಆದಾಂವ. ಸಾಹೇಬ್ರು ಬದ್ಲಾದಂಗೆಲ್ಲಾ ಬೋರ್ಡಿನ ಬಣ್ಣ ಬದ್ಲಾಗೂದು ನೋಡೇನಿ, ಒಬ್ಬ ಸಾಹೇಬ್ರು ಬಂದು ರ‍್ಯಾಕ್ ಎಲ್ಲಾ ಪೂರ್ವಕ್ಕ ಮುಖ ಮಾಡಿಸಿದ್ರು, ಮುಂದಿನವ್ರು ಬಂದು ಪಶ್ಚಿಮಕ್ಕ. ಸ್ಪ್ಯಾನರ್ ಸಿಗ್ತಿದ್ದಿಲ್ಲ ಎರಡೂ ದಿಕ್ಕಿನಾಗ.

ಆದ್ರ ಛಲೋ ಸಾಹೇಬ್ರೂ ಇರ್ತಾರ. 1964ರ ಡಿಸೆಂಬರಿನಾಗ ರಾಮೇಶ್ವರದ ಕಡೆ ಚಂಡಮಾರುತ ಬಂದು ಪಾಂಬನ್ ಸೇತುವಿ ಕೊಚ್ಚಿಕೊಂಡು ಹೋತು, ಗರ್ಡರ್ (ಸೇತುವಿದು ಉಕ್ಕಿನ ತೊಲಿ) ಭಾಳಷ್ಟು ಸಮುದ್ರದಾಗ. ರಿಪೇರಿಗೆ ಹ್ವಾದ ಇಂಜಿನಿಯರ್ ಇ. ಶ್ರೀಧರನ್, ಆಗ ಮೂವತ್ತೆರಡರ ಹುಡುಗ, ಮುಂದ ಕೊಂಕಣ ರೇಲ್ವೆ, ದಿಲ್ಲಿ ಮೆಟ್ರೊ ಮಾಡಿದ್ರಲ್ಲ ಅವರ. ಆರು ತಿಂಗಳ ಕೆಲಸ ಅಂತ ಲೆಕ್ಕ ಹಾಕಿದ್ದು 46 ದಿನದಾಗ ಮುಗಿಸಿದ್ರು. ಹೊಸಾ ಗರ್ಡರ್ ದೂರದಿಂದ ತರಬೇಕು ಅಂತ ಕುಂತಿದ್ರ ಆಗ್ತಿದ್ದಿಲ್ಲ, ಮೀನುಗಾರರು ನೀರಾಗ ಇಂಥಲ್ಲಿ ಬಿದ್ದಾವ ಅಂತ ತೋರಿಸಿದ್ರು, ಅವನ್ನ ಎತ್ತಿ ಮತ್ತ ಕುಂಡ್ರಿಸಿದ್ರು. ವರ್ಕ್‌ಶಾಪಿನಾಗ ಚಾದ ಹೊತ್ತಿಗೆ ಇದನ್ನ ಎಷ್ಟು ಸಲ ಕೇಳೇನೋ ಲೆಕ್ಕ ಇಲ್ಲ.

ತಮ್ಮಾ, ನಿನ್ನ ಫೋರಮನ್ "ಆತ್ರಿ ಸರ" ಅಂತಾನಲ್ಲ, ಅದರ ಅರ್ಥ ಆಗೂದಿಲ್ಲ ಅಂತ. ನಾ 30 ವರ್ಷ ಅಂದೇನಿ ಅದನ್ನ. ಅವನ್ನ ಕ್ಯಾಬಿನ್ನಿಗೆ ಕರೀಬ್ಯಾಡ. ಡಬ್ಬಿ ತಗೊಂಡು ಅವನ ಬಾಜೂಕ ಹೋಗಿ ಕುಂತು ಊಟ ಮಾಡು, ಮೊದಲನೇ ದಿನ ಏನೂ ಕೇಳಬ್ಯಾಡ.


ತಾರಿಹಾಳ ಹುಡುಗ (ಭಾನುವಾರ ಮಧ್ಯಾಹ್ನ)

ಎಲ್ಲಾರಿಗೂ ಕೈ ಮುಗೀತೇನ್ರಿ. ಅಕ್ಕಾರ ಕೇಳಿದ್ದು, ಮಗ್ಗದ ಅಣ್ಣಾರು ಕೇಳಿದ್ದು ಎರಡೂ ಪ್ರಶ್ನಿಗೆ ನನ್ನ ಹತ್ರ ಉತ್ತರ ಇದ್ದಿಲ್ಲ. ಎರಡನೇ ಪಾಳಿಗೆ ನಾ ಹೋಗಿದ್ದು ಏಳು ವಾರದಾಗ ಮೂರು ಸಲ, ಮೂರೂ ಸಲ ಬೈಯಾಕ.

ಶುಕ್ರವಾರ ಸ್ಟಾಕ್ ತಡದೆ. ಅವತ್ತು ಮಧ್ಯಾಹ್ನ ಮೂರೂವರಿಗೆ ಹೋಗಿ ಟೆಸ್ಟ್ ಬೆಂಚ್ ಹಂತ್ಯಾಕ ಒಂದು ಸ್ಟೂಲ್ ಹಾಕ್ಕೊಂಡು ಕುಂತೆ. ಗೊತ್ತಿಲ್ಲದವ್ರಿಗೆ ಹೇಳ್ತೇನಿ, ವಾಲ್ವಿನಾಗ ನೀರು ತುಂಬಿ ಒತ್ತಡ ಕೊಟ್ಟು ನೋಡ್ತೇವಿ, ವಾಲ್ವ್ ಬಾಡಿಗೆ ಅದರ ರೇಟಿಂಗಿನ (ಅದು ತಡಕೋಬೇಕಾದ ಒತ್ತಡದ) ಒಂದೂವರಿ ಪಟ್ಟು, ಆಮ್ಯಾಲೆ ವಾಲ್ವ್ ಮುಚ್ಚಿ ಸೀಟ್ ಸೋರ್ತೈತೇನು ಅಂತ 1.1 ಪಟ್ಟು. ಸೀಟ್ ಅಂದ್ರ ವಾಲ್ವ್ ಮುಚ್ಚಿದಾಗ ಮುಚ್ಚಳ ಬಂದು ಕುಂಡ್ರೋ ಜಾಗ, ಅದನ್ನ ಕನ್ನಡಿಗತೆ ಲ್ಯಾಪಿಂಗ್ ಮಾಡಿರ್ತಾರ (ನುಣ್ಣಗ ತಿಕ್ಕಿರ್ತಾರ), ಅದರ ಮ್ಯಾಲೆ ಕೂದಲೆಳಿಯಷ್ಟು ಗೆರಿ ಬಿದ್ರೂ ಹನಿ ಹನಿ ಸೋರ್ತೈತಿ.

ನಾಕಕ್ಕ ಹೊರಗ ನೀರಿನ ಟ್ಯಾಂಕರ್ ಬಂತು. ನಳದ ನೀರಿನ ಹಣೇಬರಹ ನಿಮಗೆಲ್ಲಾ ಗೊತ್ತೈತಿ, ವಾರಕ್ಕೊಮ್ಮೆ ಬಂದ್ರ ಪುಣ್ಯ, ಅದಕ್ಕ ನಮ್ಮ ಕಂಪನಿಗೆ ದಿನಾ ಬೋರಿನ ನೀರು ಟ್ಯಾಂಕರಿನಾಗ ಬರ್ತೈತಿ. ಟ್ಯಾಂಕರ್ ಪೈಪ್ ಸಂಪಿನಾಗ ಬಿಟ್ರು, ಧಡಾ ಧಡಾ ಬಿತ್ತು, ತಳದ ರಾಡಿ ಎಲ್ಲಾ ಎದ್ದು ನಿಂತಿತು, ಮೋಟರ್ ಚಾಲೂ ಇತ್ತು, ಅದ ನೀರು ಸೀದಾ ಟೆಸ್ಟ್ ಬೆಂಚಿನ ಟ್ಯಾಂಕಿಗೆ. ಅಂಗೈಯಾಗ ಹಿಡಕೊಂಡು ತಿಕ್ಕಿ ನೋಡಿದ್ರ ಉಸುಕು ಗರಾ ಗರಾ ಅಂತು. ಮುಂಜಾನೆ ಪಾಳಿ ಹೊತ್ತಿಗೆ ರಾತ್ರಿ ಪೂರಾ ತಳಕ್ಕ ಕುಂತಿರ್ತೈತಿ, ತಿಳಿ ನೀರು. ಅದಕ್ಕ ಮುಂಜಾನಿಯವ್ರು ಶಾಣ್ಯಾರು, ಸಂಜಿಯವ್ರು ದಡ್ಡರು ಅಂತ ನನ್ನ ಬೋರ್ಡ್ ಹೇಳ್ತಿತ್ತು.

ಟೆಸ್ಟಿಂಗ್ ಹುಡುಗಗ ಕೇಳಿದೆ, ಇದು ಮೊದಲಿಂದ ಹಿಂಗ ಐತೇನೋ ಅಂತ. ಅಂವ ಫೋರಮನ್ ಕಾಕಾರ ಮಾರಿ ನೋಡಿದಾ, ಕಾಕಾ ನನ್ನ ಮಾರಿ ನೋಡಿದ್ರು. ಕಡೀಕ ಕಾಕಾನ ಹೇಳಿದ್ರು. ಟ್ಯಾಂಕಿನ ಪೈಪಿನ ಬಾಯಿಗೆ ಹಳೇ ಧೋತರದ ಅರಿವಿ ನಾಕು ಮಡಿಕಿ ಮಾಡಿ ಕಟ್ಟಿರ್ತಿದ್ರಂತ, ಅವರ ಮನಿಯಿಂದ ತಂದಿದ್ದು. ಪೂರಾ ತಡೀತಿದ್ದಿಲ್ಲ, ಸ್ವಲ್ಪ ಅಷ್ಟ, ಅದಕ್ಕ ಒಂಬತ್ತು. ಅದು ಕರ್ರಗ ಹೊಲಸಾಗಿತ್ತು. ಶನಿವಾರ 5ಎಸ್ ದಿನ "ಇದೇನಿದು ಹೊಲಸು ತಗೀರಿ" ಅಂತ ನಾನ ಕೈ ಮಾಡಿ ತೋರ್ಸಿ ತಗಸೇನಿ. ನನಗ ನೆನಪೂ ಇಲ್ಲ ನೋಡ್ರಿ.

ಅಂದ್ರ ನಾ ಬಂದ ಮ್ಯಾಲೆ ರಿಜೆಕ್ಷನ್ ಕಡಿಮಿ ಆಗಿಲ್ಲ, ಹೆಚ್ಚಾಗೈತಿ. ತಾಡಪತ್ರಿ ಕೆಳಗಿನ್ವು, ತಡದ ಸ್ಟಾಕಿನಾಗ ಫೇಲ್ ಆದ್ವು, ವಾಪಸ್ ಬಂದ್ವು ಎಲ್ಲಾ ಕೂಡ್ಸಿದ್ರ ಹನ್ನೊಂದರ ಮ್ಯಾಲೆ ಹೋಗ್ತೈತಿ. ಪೇಡಾ ತಿಂದದ್ದು ನೆನಸ್ಕೊಂಡ್ರ ನಾಚಿಕಿ ಆಗ್ತೈತಿ.

ಖರೇ ಮಾತು ಅಣ್ಣಾರ, 22 ಪೀಸಿಂದು ಸಹಿ ಯಾರದು ಅಂತ ನೋಡಿದೆ. ಎರಡನೇ ಪಾಳಿ ಇನ್ಸ್‌ಪೆಕ್ಟರ್. ಅವನ್ನ ಕೂಡಿ ಮಾತಾಡೇನಿ, ಆ ಪೀಸ್ ಟೆಸ್ಟಿಗೆ ಹಚ್ಚಿದಾಗ ಮೊದಲ ಹನಿ ಬಿದ್ವು, ಎರಡು ಸಲ ತಗದು ಮುಚ್ಚಿದ ಮ್ಯಾಲೆ ನಿಂತ್ವು, ಹೆಸರು ಕೆಂಪು ಆಗ್ತೈತಿ ಅಂತ ಪಾಸ್ ಹಾಕಿದೆ ಅಂದಾ. ಅದು ತಪ್ಪ ಐತಿ, ಅವಗೂ ಹೇಳೇನಿ ಅದನ್ನ, ಮಾಲಕ್ರಿಗೂ ಮುಚ್ಚಿಡಾಂಗಿಲ್ಲ. ಆದ್ರ ಕೆಂಪು ಪೆನ್ ನಂದ ಇತ್ತು.

ಸೋಮವಾರ ಮಾಲಕ್ರ ಮುಂದ ಹನ್ನೊಂದು ಅಂತ ಹೇಳೂದು ಹೆಂಗ ಅನ್ನೋದ ಈಗ ಚಿಂತಿ.


ಬ್ಯಾಡಗಿ ಅಕ್ಕ

ಹನ್ನೊಂದು ಅಂತ ಹೇಳೂದು ಹೆಂಗ ಅಂದ್ರ ಹನ್ನೊಂದು ಅಂತ ಹೇಳೂದು ತಮ್ಮಾ. ಟ್ಯಾಂಕರ್ ನೀರು ಒಂದು ಗಾಜಿನ ಬಾಟ್ಲ್ಯಾಗ ತುಂಬ್ಕೊಂಡು ಹೋಗು. ಮಾಲಕ್ರ ಟೇಬಲ್ ಮ್ಯಾಲೆ ಇಡು, ಹತ್ತು ನಿಮಿಷ ಬಿಟ್ರ ತಳದಾಗ ಉಸುಕು ತಾನ ಕುಂಡ್ರತೈತಿ. ಪಿಪಿಟಿ ಗಿಪಿಟಿ ಬ್ಯಾಡ.


ಸಪ್ತಾಪುರ

ಬಾಟ್ಲಿ ಐಡಿಯಾ ಭಾರಿ ಐತಿ ಅಕ್ಕಾರ. ಇನ್ಸ್‌ಪೆಕ್ಟರಿಂದ ಶುರು ಮಾಡಬ್ಯಾಡ್ರಿ ಅಣ್ಣಾರ, ನೀವು ಅರಿವಿ ತಗಸಿದ್ದರಿಂದ ಶುರು ಮಾಡ್ರಿ. ಏನಾತು ಅಂತ ಬಂದು ಬರೀರಿ ಮತ್ತ, ಮರತು ಹೋಗಬ್ಯಾಡ್ರಿ, ಇಲ್ಲಿ ಮಂದಿ ಉಪಾಯ ಸಿಕ್ಕ ಕೂಡ್ಲೆ ಮಾಯ ಆಗ್ತಾರ.


ತಾರಿಹಾಳ ಹುಡುಗ (ಬುಧವಾರ)

ಬಂದೇನ್ರಿ. ಬಾಟ್ಲಿ ಒಯ್ದಿದ್ದೆ. ಮಾಲಕ್ರು ಮೊದಲ ಹನ್ನೊಂದು ಕೇಳಿ ಸಿಟ್ಟಿಗೆದ್ರು, ಪೇಡಾದ ಮಾತೂ ಬಂತು ಬಿಡ್ರಿ. ಆಮ್ಯಾಲೆ ಬಾಟ್ಲಿ ಎತ್ತಿ ಬೆಳಕಿಗೆ ಹಿಡದು ಭಾಳೊತ್ತು ನೋಡಿದ್ರು. ಫೋರಮನ್ ಕಾಕಾರ್ನ ಕರಸ್ರಿ ಅಂದ್ರು, ಕಾಕಾ ಬಂದು ನಿಂತ್ರು, ಇದನ್ನ ಮೊದಲ ಯಾಕ ಹೇಳಲಿಲ್ಲೋ ಅಂತ ಮಾಲಕ್ರು ಕೇಳಿದ್ರ, ಮೂರು ವರ್ಷದ ಹಿಂದ ಹೇಳೇನ್ರಿ ಧಣ್ಯಾರ, ಫಿಲ್ಟರಿಗೆ ರೊಕ್ಕ ಈಗ ಇಲ್ಲ ಅಂದಿದ್ರಿ ಅಂದ್ರು. ಮಾಲಕ್ರು ಏನೂ ಮಾತಾಡಲಿಲ್ಲ, ಬಾಟ್ಲಿ ಕೆಳಗ ಇಟ್ರು.

ಫಿಲ್ಟರಿಗೆ ಆರ್ಡರ್ ಹೋಗೈತಿ, ಬರಾಕ ಮೂರು ವಾರ. ಟ್ಯಾಂಕರ್ ಟೈಮ್ ರಾತ್ರಿ, ಎರಡನೇ ಪಾಳಿ ಮುಗದ ಮ್ಯಾಲೆ ಅಂತ ಬದ್ಲು ಮಾಡೇವಿ. ಹೆಸರಿನ ಬೋರ್ಡ್ ಇಳಿಸೇನಿ, ಅದ ಜಾಗದಾಗ ಟೆಸ್ಟಿಂಗ್ ಹುಡುಗ ಎಂಥಾ ಲೀಕ್ ಬಂತು, ಎಷ್ಟೊತ್ತಿಗೆ ಬಂತು ಅಂತ ಬರ್ಯಾಕತ್ತಾನ, ಹೆಸರಿಲ್ಲ. ಕಾಸ್ಟಿಂಗಿನಾಗ ತೂತು ಇದ್ದು ಬಾಡಿ ಸೋರೋವು ಬ್ಯಾರೇನ ಅದಾವ, ಅದು ಇನ್ನೊಂದು ಕತಿ, ಅದಕ್ಕ ಫೌಂಡ್ರಿಗೆ ಹೋಗಬೇಕು, ಕಾಕಾನೂ ಬರ್ತೇನಿ ಅಂದಾರ.

ಫಿಲ್ಟರ್ ಬರೋತನಕ ಮತ್ತ ಧೋತರದ ಅರಿವೀನ ಕಟ್ಟೇವಿ. ಈ ಸಲ ನಮ್ಮ ಅಪ್ಪಂದು. ದಿನಾ ಬಿಚ್ಚಿ ಒಗೀಬೇಕು, ಯಾರ ಪಾಳಿಯವ್ರು ಒಗೀಬೇಕು ಅಂತ ಈಗ ಅದಕ್ಕ ಜಗಳ ಹತ್ತೈತಿ.